ನಾದದಾನಿ ಉಸ್ತಾದ್ ಅಬ್ದುಲ್ ಕರೀಂ ಖಾನ್

ಶರನ್ನವರಾತ್ರಿಯ ಮೂಲಾ ನಕ್ಷತ್ರದಂದು ಶಾರದೆಯನ್ನು ಆವಾಹನೆ ಮಾಡಿ, ಪುಸ್ತಕಗಳ ಜೊತೆಯಲ್ಲಿ ವೀಣೆ ತಂಬೂರಿಗಳನ್ನೂ ಪೀಠದ ಮೇಲಿರಿಸಿ ಪೂಜಿಸುವುದು ನಮ್ಮ ಹಿರಿಯರಿಂದ ಬಂದ ಸಂಪ್ರದಾಯ. ಅಕ್ಷರವನ್ನು ಉಳಿಸಿಕೊಳ್ಳಲು ಮಾನವನಿಗೆ ಶಿಲೆ ದೊರಕಿತು, ಓಲೆಗರಿ ದೊರಕಿತು, ಕಾಗದ ದೊರಕಿತು. ನಾದಕ್ಕೆ ಅಂಥ ಆಸರೆ ಬಹುಕಾಲ ಇರಲಿಲ್ಲ. ಹಾಡಿದ ಸ್ವರ ಮರುಕ್ಷಣವೇ ಗಾಳಿಯಲ್ಲಿ ಲೀನವಾಗುತ್ತಿತ್ತು. ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ಎಷ್ಟು ಇಳಿಯಿತೋ ಅಷ್ಟೇ ಉಳಿಯುತ್ತಿತ್ತು. ಉಳಿದದ್ದೆಲ್ಲ ಗುರುವಿನೊಡನೆಯೇ ಕಣ್ಮರೆಯಾಗುತ್ತಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗ್ರಾಮಫೋನ್ ಎಂಬ ಯಂತ್ರ ಭಾರತಕ್ಕೆ ಬಂದಾಗ ನಮ್ಮ ಸಂಗೀತಗಾರರ ಮುಂದೆ ಒಂದು ಕಠಿಣವಾದ ಪ್ರಶ್ನೆ ನಿಂತಿತು. ಜೀವಮಾನವಿಡೀ ತಪಸ್ಸು ಮಾಡಿ ಗಳಿಸಿದ ವಿದ್ಯೆಯನ್ನು ಮೇಣದ ಬಿಲ್ಲೆಗೆ ಒಪ್ಪಿಸಬಹುದೇ? ಯಾರು ಬೇಕಾದರೂ ಹಣ ಕೊಟ್ಟು ಕೊಂಡು, ಎಲ್ಲಿ ಬೇಕಾದರೂ ಕೀಲಿ ಕೊಟ್ಟು ತಿರುಗಿಸಬಹುದಾದ ತಟ್ಟೆಯಲ್ಲಿ ಸರಸ್ವತಿ ನೆಲೆಸುವಳೇ? ಯಂತ್ರವು ಕಂಠವನ್ನೇ ಕದ್ದೊಯ್ಯುತ್ತದೆಂದು ಹೆದರಿದವರೂ ಇದ್ದರು. ಮನೆತನದ ಚೀಜುಗಳು ಅನ್ಯರ ಪಾಲಾಗುವುವೆಂದು ಹಿಂಜರಿದವರೂ ಇದ್ದರು. ಆ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟ ಮಹನೀಯರಲ್ಲಿ ಕಿರಾನಾ ಘರಾಣೆಯ ಆದ್ಯ ಗಾಯಕರಾದ ಉಸ್ತಾದ್ ಅಬ್ದುಲ್ ಕರೀಂ ಖಾನ್‌ಸಾಹೇಬರು ಅಗ್ರಗಣ್ಯರು. ಕನ್ನಡ ನಾಡಿನ ಸಂಗೀತವು ಅವರಿಗೆ ಪಟ್ಟಿರುವ ಋಣವಂತೂ ತೀರಿಸಲಾಗದಂಥದು.

ಜನನ ಮತ್ತು ಬಾಲ್ಯ

ಯಮುನಾ ನದಿಗೆ ಸಮೀಪದಲ್ಲಿರುವ, ಇಂದಿನ ಉತ್ತರ ಪ್ರದೇಶಕ್ಕೆ ಸೇರಿದ ಕೈರಾನಾ ಎಂಬ ಊರಿನಲ್ಲಿ 1872ರ ನವೆಂಬರ್ 11ರಂದು ಖಾನ್‌ಸಾಹೇಬರು ಜನಿಸಿದರು. ಕಿರಾನಾ ಎಂಬ ಘರಾಣೆಯ ಹೆಸರು ಬಂದುದು ಈ ಊರಿನಿಂದಲೇ. ತಂದೆ ಕಾಲೇ ಖಾನ್, ಚಿಕ್ಕಪ್ಪ ಅಬ್ದುಲ್ಲಾ ಖಾನ್ ಇವರೇ ಮೊದಲ ಗುರುಗಳು. ಮನೆತನದ ವೃತ್ತಿಯಂತೆ ಬಾಲಕನು ಸಾರಂಗಿಯನ್ನು ಅಭ್ಯಾಸ ಮಾಡಿದನು. ಬೀನ್, ಸಿತಾರ್, ತಬಲಾಗಳನ್ನೂ ಕಲಿತನು. ಆದರೆ ಆ ಕಾಲದ ಸಮಾಜದಲ್ಲಿ ಸಾರಂಗಿ ನುಡಿಸುವವರಿಗೆ ಗಾಯಕರಿಗೆ ಸಲ್ಲುವ ಗೌರವ ಸಲ್ಲುತ್ತಿರಲಿಲ್ಲ. ಸಾರಂಗಿಯನ್ನು ಕೆಳಗಿಟ್ಟು ಗಾಯನವನ್ನು ಹಿಡಿದರೂ ಆ ವಾದ್ಯ ಅವರನ್ನು ಬಿಟ್ಟುಹೋಗಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಕತ್ತರಿಸದೆ ಜಾರುವ ಆ ಎಳೆತ, ಆ ಆರ್ದ್ರತೆ ಅವರ ಕಂಠಕ್ಕೆ ಬಂದುದು ಸಾರಂಗಿ ಮತ್ತು ಬೀನ್‌ಗಳಿಂದಲೇ.

ತರುಣ ವಯಸ್ಸಿನಲ್ಲಿ ಅಬ್ದುಲ್ ಕರೀಂ ಅವರು ಸೋದರನೊಡನೆ ಬರೋಡಾ ಸಂಸ್ಥಾನಕ್ಕೆ ಬಂದು ಆಸ್ಥಾನ ಗಾಯಕರಾದರು. ಅಲ್ಲಿ ಸರದಾರ ಮನೆತನದ ತಾರಾಬಾಯಿ ಮಾನೆ ಅವರಿಗೆ ಸಂಗೀತ ಕಲಿಸುವ ಅವಕಾಶ ಬಂದಿತು. ಗುರು ಶಿಷ್ಯೆಯರಲ್ಲಿ ಅನುರಾಗ ಬೆಳೆದು, ಮತಭೇದವನ್ನು ಮೀರಿ ಇಬ್ಬರೂ ಒಂದಾಗಿ ಬಾಳಲು ನಿಶ್ಚಯಿಸಿದರು. ಅದರ ಫಲವಾಗಿ ಬರೋಡಾವನ್ನು ಬಿಡಬೇಕಾಯಿತು. ಮುಂಬಯಿಯ ಮಾರ್ಗವಾಗಿ ಬಂದು ದಂಪತಿಗಳು ಕಡೆಗೆ ಮಿರಜದಲ್ಲಿ ನೆಲೆಸಿದರು. ಮಿರಜದಲ್ಲಿ ಪ್ಲೇಗಿಗೆ ತುತ್ತಾದ ಖಾನ್‌ಸಾಹೇಬರು ಖ್ವಾಜಾ ಮೀರಾಸಾಹೇಬರ ದರ್ಗಾದ ಕೃಪೆಯಿಂದ ಬದುಕಿ ಉಳಿದರೆಂಬ ನಂಬಿಕೆ ಇದೆ. ಅಂದಿನಿಂದ ಆ ದರ್ಗಾ ಅವರ ಭಕ್ತಿಯ ನೆಲೆಯಾಯಿತು. ಎಲ್ಲಿಗೆ ಹೋದರೂ ಮತ್ತೆ ಮಿರಜಕ್ಕೆ ಮರಳಿ, ಆ ಸನ್ನಿಧಿಯಲ್ಲಿ ಹಾಡಿ ಸೇವೆ ಸಲ್ಲಿಸುವುದು ಅವರ ವ್ರತವಾಗಿತ್ತು.

ತಂಬೂರಿಯ ಉಪಾಸನೆ

ಮಿರಜವು ತಂತಿವಾದ್ಯಗಳ ತಯಾರಿಕೆಗೆ ಹೆಸರಾದ ಊರು. ಖಾನ್‌ಸಾಹೇಬರಿಗೆ ಆ ಊರು ಒಪ್ಪಿದುದು ಸಹಜವೇ ಆಗಿತ್ತು. ಅವರು ಗಾಯಕರು ಮಾತ್ರವಲ್ಲ, ವಾದ್ಯಗಳ ರಿಪೇರಿಯಲ್ಲಿಯೂ ನಿಪುಣರು. ತಂಬೂರಿಯ ಕುದುರೆಯನ್ನು ನವುರಾಗಿ ಉಜ್ಜುವುದು, ತಂತಿಯ ಕೆಳಗೆ ಜೀವಾಳದ ನೂಲನ್ನು ಕೂದಲೆಳೆಯಷ್ಟು ಸರಿಸಿ ಝೇಂಕಾರವನ್ನು ಅರಳಿಸುವುದು ಅವರಿಗೆ ಪೂಜೆಗೆ ಸಮನಾದ ಕೆಲಸ. ಶ್ರುತಿ ಸಂಪೂರ್ಣವಾಗಿ ಸೇರುವವರೆಗೆ ಅವರು ಹಾಡಲು ತೊಡಗುತ್ತಿರಲಿಲ್ಲ. ಶ್ರುತಿಶುದ್ಧವಾದ ಒಂದೇ ಷಡ್ಜದಲ್ಲಿ ಇಡೀ ರಾಗದ ದರ್ಶನವಾಗುತ್ತದೆಂಬುದು ಅವರ ನಂಬುಗೆ.

ಈ ಶ್ರುತಿಜ್ಞಾನವನ್ನು ಅವರು ಶಾಸ್ತ್ರಜ್ಞರಿಗೂ ಒಪ್ಪಿಸಿದರು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರೂ ಐ.ಸಿ.ಎಸ್. ಅಧಿಕಾರಿ ಕ್ಲೆಮೆಂಟ್ಸ್ ಅವರೂ 22 ಶ್ರುತಿಗಳ ಪ್ರಮಾಣವನ್ನು ಗಣಿತದಿಂದ ನಿರ್ಣಯಿಸಲು ಹೊರಟಾಗ, ಅವರ ಅಳತೆಗೆ ಆಧಾರವಾದುದು ಖಾನ್‌ಸಾಹೇಬರ ಕಂಠ. ಕಿವಿಯಿಂದ ಕಿವಿಗೆ ಮಾತ್ರ ಸಾಗಬೇಕೆಂದು ಅನೇಕರು ಭಾವಿಸಿದ್ದ ವಿದ್ಯೆಯನ್ನು ಅವರು ಅಳತೆಗೋಲಿನ ಮುಂದೆ ನಿಸ್ಸಂಕೋಚವಾಗಿ ತೆರೆದಿಟ್ಟರು. 1916ರಲ್ಲಿ ಬರೋಡಾದಲ್ಲಿ ನಡೆದ ಅಖಿಲ ಭಾರತ ಸಂಗೀತ ಸಮ್ಮೇಳನದಲ್ಲಿ ಈ ಸಿದ್ಧಾಂತಕ್ಕೆ ಮನ್ನಣೆ ದೊರೆಯದಿದ್ದರೂ ಅವರು ತಮ್ಮ ಮಾರ್ಗವನ್ನು ಬಿಡಲಿಲ್ಲ.

ಮೇಣದ ಬಿಲ್ಲೆಗೆ ಒಪ್ಪಿಸಿದ ಕಂಠ

1902ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯು ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದ ತರುಣನನ್ನು ಪೂರ್ವ ದೇಶಗಳಿಗೆ ಕಳುಹಿಸಿತು. ಕಲಾವಿದರನ್ನು ಹುಡುಕುವುದು, ಸಂಭಾವನೆಯನ್ನು ಗೊತ್ತುಮಾಡುವುದು, ಕೋಣೆಯನ್ನು ಸಜ್ಜುಗೊಳಿಸುವುದು, ಯಂತ್ರವನ್ನು ನಡೆಸುವುದು ಇವೆಲ್ಲವೂ ಅವನ ಹೊಣೆಯೇ. ಮುಂದೆ ರೆಕಾರ್ಡ್ ಪ್ರೊಡ್ಯೂಸರ್ ಎಂದು ಜಗತ್ತು ಕರೆದ ವೃತ್ತಿಗೆ ಅವನು ಮೂಲಪುರುಷರಲ್ಲೊಬ್ಬ. ಆ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನ ಮುದ್ರಣವಾಯಿತು. ಅದಾದ ಎರಡು ಮೂರು ವರ್ಷಗಳಲ್ಲಿಯೇ, 1904-05ರ ಸುಮಾರಿಗೆ, ಅಬ್ದುಲ್ ಕರೀಂ ಖಾನ್‌ಸಾಹೇಬರೂ ಆ ಕಹಳೆಯ ಮುಂದೆ ಕುಳಿತರು.

ಆಗಿನ ಧ್ವನಿಮುದ್ರಣದ ಕ್ರಮ ಇಂದಿನವರಿಗೆ ವಿಚಿತ್ರವೆನಿಸೀತು. ಮೈಕ್ರೋಫೋನ್ ಇರಲಿಲ್ಲ, ಧ್ವನಿಯನ್ನು ವರ್ಧಿಸುವ ವಿದ್ಯುತ್ ಸಾಧನಗಳೂ ಇರಲಿಲ್ಲ. ಗಾಯಕನೆದುರು ಚಾಚಿಕೊಂಡಿದ್ದ ದೊಡ್ಡ ತಗಡಿನ ಕಹಳೆ, ಅದರ ಕಿರಿದಾದ ತುದಿಯಲ್ಲಿ ತೆಳುವಾದ ಪೊರೆ, ಪೊರೆಗೆ ಅಂಟಿದ ಸೂಜಿ, ಸೂಜಿಯ ಕೆಳಗೆ ಒಂದೇ ವೇಗದಿಂದ ತಿರುಗುವ ಮೇಣದ ಬಿಲ್ಲೆ ಇಷ್ಟೇ ಸಲಕರಣೆ. ಕಂಠದ ಬಲದಿಂದಲೇ ಪೊರೆ ಕಂಪಿಸಬೇಕು. ಆ ಕಂಪನವೇ ಮೇಣದಲ್ಲಿ ಗೆರೆ ಕೊರೆಯಬೇಕು. ಆದುದರಿಂದ ಗಾಯಕನು ಮುಖವನ್ನು ಕಹಳೆಯ ಬಾಯಿಯ ಹತ್ತಿರಕ್ಕೆ ತಂದು, ಅತ್ತಿತ್ತ ಅಲುಗದೆ, ಗಟ್ಟಿಯಾಗಿ ಹಾಡಬೇಕಾಗಿತ್ತು. ತಂಬೂರಿಯ ಮೆಲುದನಿ ಬಹುಮಟ್ಟಿಗೆ ಮುದ್ರಣವಾಗುತ್ತಲೇ ಇರಲಿಲ್ಲ. ಒಂದು ಸ್ವರ ತಪ್ಪಿದರೂ ತಿದ್ದುವ ಉಪಾಯವಿಲ್ಲ. ಆ ಬಿಲ್ಲೆಯನ್ನು ತೆಗೆದು ಹೊಸದನ್ನಿಟ್ಟು ಮೊದಲಿನಿಂದ ಹಾಡಬೇಕು. ಹೀಗೆ ಸಿದ್ಧವಾದ ಬಿಲ್ಲೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ, ಅಲ್ಲಿ ಲೋಹದ ಅಚ್ಚು ತಯಾರಾಗಿ, ಅರಗು ಬೆರೆಸಿದ ತಟ್ಟೆಗಳಾಗಿ ಹಿಂದಿರುಗುತ್ತಿದ್ದವು. ಅಲ್ಲಿನ ಕೆಲಸಗಾರರಿಗೆ ಹಾಡಿದವರಾರೆಂದು ತಿಳಿಯಲೆಂದು ಕಲಾವಿದರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುವ ರೂಢಿಯಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಸಮುದ್ರಯಾನ ತಪ್ಪಿತು.

ಈ ತೊಡಕುಗಳಿಗಿಂತ ದೊಡ್ಡ ತೊಡಕು ಕಾಲದ್ದು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಗಳ ಸಂಗೀತ ಮಾತ್ರ. ಕಿರಾನಾ ಗಾಯಕಿಯ ಹಿರಿಮೆ ಇರುವುದೇ ವಿಲಂಬದಲ್ಲಿ. ಒಂದೊಂದು ಸ್ವರವನ್ನೂ ಮೊಗ್ಗು ಅರಳುವಂತೆ ನಿಧಾನವಾಗಿ ಬಿಡಿಸುತ್ತ ಗಂಟೆಗಟ್ಟಲೆ ರಾಗವನ್ನು ಬೆಳೆಸುವವರಿಗೆ ಮೂರು ನಿಮಿಷವೆಂದರೆ ಆಲಾಪದ ಪೀಠಿಕೆಗೂ ಸಾಲದು. ಸಾಗರವನ್ನು ಗಿಂಡಿಯಲ್ಲಿ ತುಂಬು ಎಂದಂತೆ ಅದು. ಖಾನ್‌ಸಾಹೇಬರು ಬೇಸರಪಡದೆ ಆ ಗಿಂಡಿಯನ್ನೇ ತೀರ್ಥಪಾತ್ರೆಯನ್ನಾಗಿ ಮಾಡಿಕೊಂಡರು.

ಮೈಸೂರು ದಸರೆ ಮತ್ತು ಕನ್ನಡ ನಾಡಿನ ನಂಟು

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಆಸ್ಥಾನ ದಕ್ಷಿಣಾದಿ ಉತ್ತರಾದಿ ಸಂಗೀತಗಳೆರಡಕ್ಕೂ ಆಶ್ರಯವಾಗಿತ್ತು. ಖಾನ್‌ಸಾಹೇಬರು ಆ ದರ್ಬಾರಿಗೆ ಮತ್ತೆ ಮತ್ತೆ ಬರುತ್ತಿದ್ದ ಅತಿಥಿಗಳು. ಸಂಗೀತರತ್ನ ಎಂಬ ಬಿರುದು ಅವರಿಗೆ ಸಂದುದು ಅಲ್ಲಿಯೇ. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯರಂಥ ವಿದ್ವಾಂಸರಿಂದ ಬೆಳಗುತ್ತಿದ್ದ ಆಸ್ಥಾನವದು. ಕರ್ನಾಟಕ ಸಂಗೀತದ ಸ್ವರಕಲ್ಪನೆಯನ್ನು ಕೇಳಿ ಖಾನ್‌ಸಾಹೇಬರು ಮನಸೋತರು. ಉತ್ತರಾದಿಯ ದೊಡ್ಡ ಉಸ್ತಾದರೊಬ್ಬರು ದಾಕ್ಷಿಣಾತ್ಯರಿಂದ ಕಲಿಯುವುದೆಂದರೆ ಆಗ ಸಣ್ಣ ಮಾತಲ್ಲ. ಅವರು ಕಲಿತರು; ತಮ್ಮ ಖ್ಯಾಲಿನಲ್ಲಿ ಸರಗಮ್ಮನ್ನು ಹೊಸ ಬಗೆಯಿಂದ ಅಳವಡಿಸಿಕೊಂಡರು. ತ್ಯಾಗರಾಜರ ಕೃತಿಗಳನ್ನೂ ಅಭ್ಯಾಸ ಮಾಡಿದರು.

ಮೈಸೂರಿಗೆ ಹೋಗುವ ದಾರಿಯಲ್ಲಿ ಧಾರವಾಡದಲ್ಲಿದ್ದ ಸೋದರನ ಮನೆಯಲ್ಲಿ ಅವರು ತಂಗುತ್ತಿದ್ದರು. ಹಿಂದುಸ್ತಾನಿ ಸಂಗೀತವು ಕನ್ನಡ ಮಣ್ಣಿನಲ್ಲಿ ಬೇರೂರಿದುದಕ್ಕೆ ಈ ತಂಗುವಿಕೆಯೂ ಒಂದು ಮುಖ್ಯ ಕಾರಣ. ಕುಂದಗೋಳದ ರಾಮಚಂದ್ರ ಎಂಬ ತರುಣ ಅವರ ಶಿಷ್ಯನಾಗಿ, ಕಠಿಣವಾದ ಸಾಧನೆ ಮಾಡಿ, ಸವಾಯಿ ಗಂಧರ್ವರೆಂದು ಪ್ರಖ್ಯಾತರಾದರು. ಧಾರವಾಡದ ಅಂಬಾಬಾಯಿಯವರ ಕರ್ನಾಟಕ ಸಂಗೀತವನ್ನು ಕೇಳಲು ಖಾನ್‌ಸಾಹೇಬರು ಅವರ ಮನೆಗೆ ಬರುತ್ತಿದ್ದರು. ಬೀದಿಯಲ್ಲಿ ಗ್ರಾಮಫೋನಿನ ದನಿ ಕೇಳಿಸಿದೊಡನೆ ಓಡಿಹೋಗಿ ನಿಲ್ಲುತ್ತಿದ್ದ ಆ ಮನೆಯ ಬಾಲಕಿಯೇ ಮುಂದೆ ಸವಾಯಿ ಗಂಧರ್ವರ ಶಿಷ್ಯೆಯಾಗಿ ಗಂಗೂಬಾಯಿ ಹಾನಗಲ್ಲರೆಂದು ಲೋಕಪ್ರಸಿದ್ಧರಾದರು.

ಖಾನ್‌ಸಾಹೇಬರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. ಮುಂಬಯಿಯಲ್ಲಿಯೂ ಅದನ್ನು ನಡೆಸಿದರು. ಬಡ ಹುಡುಗರಿಗೆ ಊಟ ವಸತಿಗಳೊಡನೆ ವಿದ್ಯೆ ದೊರೆಯುತ್ತಿತ್ತು. ಕಚೇರಿಗಳಲ್ಲಿ ಬಂದ ಹಣವೆಲ್ಲ ಆ ಶಾಲೆಯ ಅನ್ನದಾನಕ್ಕೆ, ವಿದ್ಯಾದಾನಕ್ಕೆ ಹರಿಯಿತು.

ಮನೆಯ ತಂತಿ ಹರಿದಾಗ

ಲೋಕಕ್ಕೆಲ್ಲ ನಾದವನ್ನು ಹಂಚಿದವರ ಮನೆಯಲ್ಲಿ ಅಪಶ್ರುತಿ ಹುಟ್ಟಿದುದು ವಿಧಿಯ ವಿಪರ್ಯಾಸ. 1922ರಲ್ಲಿ ತಾರಾಬಾಯಿಯವರು ಐವರು ಮಕ್ಕಳೊಡನೆ ಖಾನ್‌ಸಾಹೇಬರಿಂದ ಬೇರೆಯಾದರು. ಮಕ್ಕಳು ತಾಯಿಯ ಮನೆತನದ ಹೆಸರಿನಲ್ಲಿಯೇ ಬೆಳೆದರು. ಅಬ್ದುಲ್ ರೆಹಮಾನನು ಸುರೇಶಬಾಬು ಮಾನೆಯಾದನು. ಚಂಪಾಕಲಿಯು ಹೀರಾಬಾಯಿಯಾಗಿ, ಮುಂದೆ ಬಡೋದೇಕರ್ ಎಂಬ ಹೆಸರಿನಿಂದ ಕೀರ್ತಿ ಪಡೆದಳು. ಸಕೀನಾ ಸರಸ್ವತಿಯಾಗಿ, ಮದುವೆಯ ನಂತರ ಸರಸ್ವತಿ ರಾಣೆಯಾದಳು. ತಂದೆಯ ಹೆಸರು ಹೋಯಿತು; ತಂದೆ ಕೊಟ್ಟ ಸ್ವರ ಹೋಗಲಿಲ್ಲ. ಹೀರಾಬಾಯಿಯವರ ಗ್ರಾಮಫೋನ್ ತಟ್ಟೆಗಳು ದೇಶದ ತುಂಬ ಹರಡಿದವು. ಸರಸ್ವತಿಬಾಯಿಯವರ ಕಂಠ ಚಲನಚಿತ್ರಗಳ ಮೂಲಕ ಮನೆಮಾತಾಯಿತು. ಒಂದೇ ಸೂರಿನಡಿ ಉಳಿಯದ ತಂದೆ ಮಕ್ಕಳ ಕಂಠಗಳು ಇಂದು ರಸಿಕರ ಮನೆಯ ಒಂದೇ ಕಪಾಟಿನಲ್ಲಿ ಕೂಡಿ ಕುಳಿತಿವೆ.

ಈ ದುಃಖದ ನಂತರ ಖಾನ್‌ಸಾಹೇಬರು ಬಹುಮಟ್ಟಿಗೆ ಮಿರಜದಲ್ಲಿಯೇ ಉಳಿದು, ಅಲ್ಲಿಂದಲೇ ಸಂಚಾರ ಕೈಗೊಳ್ಳುತ್ತಿದ್ದರು. ಅವರ ಕೊನೆಯ ವರ್ಷಗಳ ಗಾಯನದಲ್ಲಿ ಕರುಣ ಮತ್ತು ಭಕ್ತಿಗಳೇ ಪ್ರಧಾನವಾದವು. ಚಮತ್ಕಾರ ಹಿಂದೆ ಸರಿದು ಮೊರೆ ಮುಂದೆ ಬಂದಿತು.

ಮೂರು ನಿಮಿಷಗಳ ಅಮೃತ

1925ರ ನಂತರ ಜಗತ್ತಿನಲ್ಲಿ ವಿದ್ಯುತ್ ಧ್ವನಿಮುದ್ರಣದ ಯುಗ ಆರಂಭವಾಯಿತು. ಕಹಳೆಯ ಸ್ಥಾನಕ್ಕೆ ಮೈಕ್ರೋಫೋನ್ ಬಂದಿತು. ಅದುವರೆಗೆ ಸಿಕ್ಕದೆ ನುಸುಳಿಹೋಗುತ್ತಿದ್ದ ಸೂಕ್ಷ್ಮಗಳು ಈಗ ಮೇಣದ ಮೇಲೆ ಮೂಡತೊಡಗಿದವು. ಗಾಯಕನು ಅರಚಬೇಕಾಗಿರಲಿಲ್ಲ, ಪಿಸುದನಿಯಲ್ಲಿ ನುಡಿದ ನಿಷಾದವೂ ತಪ್ಪಿಹೋಗುತ್ತಿರಲಿಲ್ಲ. ಖಾನ್‌ಸಾಹೇಬರದು ಸಣ್ಣನೆಯ, ಎತ್ತರದ, ಎಳೆಎಳೆಯಾದ ಕಂಠ. ಆ ಕಂಠ ಕಾಯುತ್ತಿದ್ದುದು ಇಂಥ ಯಂತ್ರಕ್ಕಾಗಿಯೇ ಎನ್ನಬೇಕು.

1930ರ ದಶಕದಲ್ಲಿ, ಅರವತ್ತರ ಆಸುಪಾಸಿನ ವಯಸ್ಸಿನಲ್ಲಿ, ಅವರು ಒಡಿಯನ್ ಕಂಪನಿಗೆ ಹಾಡಿದ ತಟ್ಟೆಗಳು ಭಾರತೀಯ ಧ್ವನಿಮುದ್ರಣದ ಚರಿತ್ರೆಯಲ್ಲಿ ಚಿರಸ್ಥಾಯಿಯಾದವು. ಭೈರವಿ ಮತ್ತು ಜಿಂಝೋಟಿಯ ಠುಮ್ರಿಗಳು, ವಸಂತ, ಶುದ್ಧ ಕಲ್ಯಾಣ, ಮಾರವಾ, ದರ್ಬಾರಿಗಳ ಖ್ಯಾಲುಗಳು, ಗೋಪಾಲನ ಕರುಣೆಗಾಗಿ ಹಂಬಲಿಸುವ ಸರ್ಪರ್ದಾ ರಾಗದ ಪದ, ಮರಾಠಿ ನಾಟ್ಯಗೀತೆಗಳು ಎಲ್ಲವೂ ಅದರಲ್ಲಿ ಸೇರಿವೆ. ದಕ್ಷಿಣದ ಋಣವನ್ನು ಮರೆಯದೆ ಖರಹರಪ್ರಿಯದಲ್ಲಿ ತ್ಯಾಗರಾಜರ ಕೃತಿಯನ್ನೂ ಸಾವೇರಿಯಲ್ಲಿ ಸರಗಮ್ಮನ್ನೂ ಅವರು ಮುದ್ರಿಸಿದರು. ಉತ್ತರದ ಮುಸಲ್ಮಾನ ಉಸ್ತಾದರೊಬ್ಬರು ಶ್ರೀರಾಮನ ಹಿರಿಮೆಯನ್ನು ತೆಲುಗಿನಲ್ಲಿ ಹಾಡಿದ ಆ ತಟ್ಟೆ ನಮ್ಮ ದೇಶದ ಸಾಮರಸ್ಯಕ್ಕೊಂದು ಶಾಸನದಂತಿದೆ.

ಈ ತಟ್ಟೆಗಳನ್ನು ಲಕ್ಷ್ಯವಿಟ್ಟು ಕೇಳಿದವರಿಗೆ ಅವರ ಜಾಣ್ಮೆ ತಿಳಿಯುತ್ತದೆ. ಗಂಟೆಯ ಗಾಯನವನ್ನು ಅವಸರದಿಂದ ಮೂರು ನಿಮಿಷಕ್ಕೆ ಇಕ್ಕಟ್ಟಾಗಿ ತುಂಬಲು ಅವರು ಹೋಗಲಿಲ್ಲ. ತಂಬೂರಿಯ ನಾದ ಕೇಳಿಸುತ್ತಿದ್ದಂತೆಯೇ ರಾಗದ ಜೀವಸ್ವರದ ಮೇಲೆ ನಿಲ್ಲುತ್ತಾರೆ, ಪದವನ್ನು ಎತ್ತಿಕೊಳ್ಳುತ್ತಾರೆ, ಒಂದೆರಡು ಆಲಾಪ, ಒಂದು ಸರಗಮ್ಮು, ಮಿಂಚಿನಂಥ ಒಂದು ತಾನು, ಮರಳಿ ಪದ. ಅಷ್ಟರಲ್ಲಿ ತಟ್ಟೆ ಮುಗಿಯುತ್ತದೆ. ಆದರೂ ಅವಸರದ ಛಾಯೆ ಎಲ್ಲಿಯೂ ಇಲ್ಲ. ಅಲ್ಪಕಾಲದಲ್ಲಿಯೂ ಧ್ಯಾನಸ್ಥರಾಗಿರಲು ಬಲ್ಲವರಿಗೆ ಮಾತ್ರ ಇದು ಸಾಧ್ಯ.

ಆ ತಟ್ಟೆಗಳ ಪ್ರಭಾವ ಎಂಥದೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ನಿದರ್ಶನವಿದೆ. 1922ರಲ್ಲಿ ರೋಣದಲ್ಲಿ ಹುಟ್ಟಿ ಗದಗದಲ್ಲಿ ಬೆಳೆದ ಭೀಮಸೇನ ಎಂಬ ಬಾಲಕನ ಕಿವಿಗೆ ಖಾನ್‌ಸಾಹೇಬರ ಜಿಂಝೋಟಿಯ ಠುಮ್ರಿ ತಟ್ಟೆಯ ಮೂಲಕ ಬಿದ್ದಿತು. ಹಾಗೆ ಹಾಡಲು ಕಲಿಯಲೇಬೇಕೆಂಬ ಹಟ ಹಿಡಿದು ಆ ಹುಡುಗ ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಗುರುವನ್ನು ಅರಸುತ್ತ ಉತ್ತರ ಹಿಂದುಸ್ತಾನವನ್ನೆಲ್ಲ ಅಲೆದನು. ಕೊನೆಗೆ ಗುರು ದೊರೆತುದು ಹತ್ತಿರದ ಕುಂದಗೋಳದಲ್ಲಿ, ಖಾನ್‌ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಪಾದದಡಿಯಲ್ಲಿ. ಭಾರತರತ್ನ ಭೀಮಸೇನ ಜೋಶಿಯವರ ಬಾಳಿನ ಮೊದಲ ದೀಕ್ಷೆ ನಡೆದುದು ಹೀಗೆ, ತಿರುಗುವ ಒಂದು ಕರಿಯ ತಟ್ಟೆಯಿಂದ.

ಖಾನ್‌ಸಾಹೇಬರ ಸಮಕಾಲೀನರಾದ ಭಾಸ್ಕರಬುವಾ ಬಖಲೆಯವರು ಧಾರವಾಡದಲ್ಲಿ ಅಧ್ಯಾಪಕರಾಗಿದ್ದ ಮಹಾ ಗಾಯಕರು. ಜೈಪುರ ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರಂತೂ ಗಾನಯೋಗಿಗಳು. ಇವರಿಬ್ಬರ ಕಂಠವೂ ತಟ್ಟೆಗಳಲ್ಲಿ ಉಳಿದು ಬಂದಿಲ್ಲ. ಶಿಷ್ಯರ ಮೂಲಕ ಅವರ ಹಿರಿಮೆಯನ್ನು ಊಹಿಸಬಹುದೇ ಹೊರತು ಕೇಳುವಂತಿಲ್ಲ. ಖಾನ್‌ಸಾಹೇಬರೂ ಹಾಗೆಯೇ ಕೈಮುಚ್ಚಿ ಕುಳಿತಿದ್ದರೆ ಗದಗದ ಆ ಬಾಲಕನಿಗೆ ಯಾವ ಕರೆ ಕೇಳಿಸುತ್ತಿತ್ತು?

ಮಹಾಪ್ರಸ್ಥಾನ

1937ರ ಅಕ್ಟೋಬರಿನಲ್ಲಿ ಖಾನ್‌ಸಾಹೇಬರು ಮದರಾಸಿಗೆ ಬಂದಿದ್ದರು. ಅಲ್ಲಿಂದ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಹಾಡಲು ರೈಲಿನಲ್ಲಿ ಹೊರಟರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡಿತು. ಚೆಂಗಲ್ಪಟ್ಟಿಗೆ ಸಮೀಪದ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಶಿಷ್ಯರೊಡನೆ ಇಳಿದರು. ತಮ್ಮ ಕಾಲ ಬಂದಿತೆಂದು ಅವರಿಗೆ ತಿಳಿದಿತ್ತು. ಹಾಸಿಗೆ ಹಾಸಲು ಹೇಳಿ, ನಮಾಜು ಮಾಡಿ, ಶ್ರುತಿ ಕೂಡಿಸಿ, ದರ್ಬಾರಿ ರಾಗದಲ್ಲಿ ಕಲ್ಮಾವನ್ನು ಹಾಡುತ್ತಲೇ ಕಣ್ಣು ಮುಚ್ಚಿದರೆಂದು ಶಿಷ್ಯಪರಂಪರೆ ಸ್ಮರಿಸುತ್ತದೆ. ಅಂದು ಅಕ್ಟೋಬರ್ 27. ಆ ಕೊನೆಯ ಗಾಯನಕ್ಕೆ ಯಂತ್ರವಿರಲಿಲ್ಲ, ಸಭೆಯಿರಲಿಲ್ಲ, ಕೇಳುತ್ತಿದ್ದವನು ಭಗವಂತ. ಪಾರ್ಥಿವ ಶರೀರವನ್ನು ಮಿರಜಕ್ಕೆ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಸಮಾಧಿ ಮಾಡಿದರು. ಅವರ ಸ್ಮರಣೆಯಲ್ಲಿ ಅಲ್ಲಿ ವರ್ಷವರ್ಷವೂ ಗಾಯಕರು ಬಂದು ಹಾಡಿ ನಾದಸೇವೆ ಸಲ್ಲಿಸುವ ಪದ್ಧತಿ ಬೆಳೆದುಬಂದಿದೆ.

ಅರಗಿನ ತಟ್ಟೆಗಳ ಕಾಲ ಮುಗಿಯಿತು. ಲಾಂಗ್ ಪ್ಲೇ ತಟ್ಟೆಗಳು ಬಂದವು, ಕ್ಯಾಸೆಟ್ಟುಗಳು ಬಂದವು, ಸಿ.ಡಿ.ಗಳು ಬಂದವು; ಪ್ರತಿಯೊಂದರಲ್ಲಿಯೂ ಖಾನ್‌ಸಾಹೇಬರ ಆ ಮೂರು ನಿಮಿಷಗಳು ಮತ್ತೆ ಹುಟ್ಟಿ ಬಂದವು. ಅರಗು ಬಿರುಕು ಬಿಟ್ಟಿರಬಹುದು, ಸೂಜಿಯ ಕರಕರ ಸದ್ದು ಹಾಡಿನೊಡನೆ ಬೆರೆತಿರಬಹುದು. ಆ ಸದ್ದಿನ ಹಿಂದೆ ತಂಬೂರಿ ಇನ್ನೂ ಶ್ರುತಿಯಲ್ಲಿಯೇ ಇದೆ.

ಗುಡಿಯಲ್ಲಿ ಎಷ್ಟು ಕೈಗಳಿಗೆ ಹಂಚಿದರೂ ಪ್ರಸಾದದ ಮಹಿಮೆ ಕುಂದುವುದಿಲ್ಲ. ವಿದ್ಯೆಯೂ ಅಂಥದೇ. ಮತ, ಜಾತಿ, ಪ್ರಾಂತ, ಸ್ತ್ರೀಪುರುಷ ಎಂಬ ಭೇದವೆಣಿಸದೆ ಶಿಷ್ಯರಿಗೆ ಕೊಟ್ಟು, ಶಾಸ್ತ್ರಜ್ಞರಿಗೆ ಕೊಟ್ಟು, ಹೆಸರು ತಿಳಿಯದ ಕೇಳುಗರಿಗಾಗಿ ಯಂತ್ರಕ್ಕೂ ಕೊಟ್ಟ ಆ ನಾದದಾನಿಗೆ ಕೊನೆಯಲ್ಲಿ ಸ್ವಂತವೆಂದು ಉಳಿದ ಸಂಪತ್ತು ಅಲ್ಪ. ಉಳಿದ ಕೀರ್ತಿ ಅನಂತ. ತೌರಿನಿಂದ ದೂರದ ನಗರಗಳಲ್ಲಿ ನೆಲೆಸಿ, ಬಾಡಿಗೆಯ ಎರಡು ಕೋಣೆಗಳಲ್ಲಿಯೂ ಗೊಂಬೆಗಳನ್ನಿಟ್ಟು ಶಾರದೆಯನ್ನು ಕರೆಯುವ ಕನ್ನಡಿಗರು ಈ ನವರಾತ್ರಿಯ ಒಂದು ಸಂಜೆ ಖಾನ್‌ಸಾಹೇಬರ ಭೈರವಿಯನ್ನು ಮಕ್ಕಳೊಡನೆ ಕುಳಿತು ಆಲಿಸಿದರೆ, ಅದೂ ಸರಸ್ವತೀ ಪೂಜೆಯೇ ಆದೀತು.